ಬಾಟಲಿ ನಂಬರ್ ನಾನೂರ ಹದಿನೇಳು

ಚೀಟಿಯ ಮೇಲೆ ಇದ್ದದ್ದು ಇಷ್ಟೇ:
ಬೇಬಿ ಆಫ್ ಹುಲಿಗೆವ್ವ, ಹೆಣ್ಣು, ಹನ್ನೊಂದು ದಿನ,
ಊರು ಡಂಬಳ. ಜ್ವರ ಇಲ್ಲ, ಮೈ ತಣ್ಣಗ.
ಮೊಲಿ ಹಿಡೀವಲ್ದು.
ಸಿಸ್ಟರ್ ಸುಲೋಚನಾ ಹಾಗೇ ಬರೆಯುತ್ತಾಳೆ,
ತಾಯಿ ಅಂದದ್ದನ್ನು ಅಂದಂತೆ.

ರಕ್ತ ಒಂದು ಎಂಎಲ್.
ಅಷ್ಟು ಸಿಗಲು ಎಷ್ಟು ಸಲ ಚುಚ್ಚಿದರೋ,
ಬಾಟಲಿಯ ಕುತ್ತಿಗೆಗೆ ಒಂದು ಹನಿ ಒಣಗಿ ಅಂಟಿತ್ತು.
ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿದೆ.
ತಾಯಿಯ ಹೊಟ್ಟೆಯದೂ ಅದೇ ಬಿಸಿ.
ತರಬೇತಿಯಲ್ಲಿ ಇದನ್ನು ಯಾರೂ ಹೇಳಲಿಲ್ಲ,
ರಾತ್ರಿಪಾಳಿ ಮಾಡುವವರಿಗೆ ತಾನಾಗಿ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ಬಾಟಲಿ ಬಗ್ಗಡವಾಗಿತ್ತು.

ಅಪ್ಪ ಬೆಟಗೇರಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ.
ಕುದಿಯುವ ಹರವಿ, ಬಿದಿರ ಗಳ, ಸೋರುವ ಲಡಿಗಳು,
ಮೊಣಕೈವರೆಗೆ ಊದಾ.
ಅವನು ಮುರಿದ ರೊಟ್ಟಿಯೂ ಊದಾ ಎಂದು ನಾವು ನಗುತ್ತಿದ್ದೆವು.
ಬಣ್ಣ ಬಿಟ್ಟ ಸೀರೆ ವಾಪಸು ಬಂದರೆ ಆ ರಾತ್ರಿ ಅವನಿಗೆ ಊಟವಿಲ್ಲ.
‘ಹಿಡೀಬೇಕವ್ವಾ, ಎಷ್ಟ ಒಗದರೂ ಹಿಡಕೊಂಡ ಇರಬೇಕು.’

ನನ್ನದೂ ಅದೇ ದಂಧೆ, ಗಾಜಿನ ತುಂಡಿನ ಮೇಲೆ.
ಒಂದು ಹನಿ ಸವರಿ, ದೀಪದ ಮೇಲೆ ಆಡಿಸಿ,
ಊದಾ ಸುರಿದು ಒಂದು ನಿಮಿಷ,
ಅಯೋಡಿನ್ ಒಂದು ನಿಮಿಷ, ಅಪ್ಪನ ಪಟಕದ ಜಾಗಕ್ಕೆ,
ಆಮೇಲೆ ಸ್ಪಿರಿಟ್.
ಇಲ್ಲಿ ಉಸಿರು ಬಿಗಿಹಿಡಿಯುತ್ತೇನೆ.
ಬಣ್ಣ ಹಿಡಿದರೆ ಒಂದು ಜಾತಿ, ಬಿಟ್ಟರೆ ಇನ್ನೊಂದು.

ಬಿಟ್ಟಿತು.
ಸಿಂಕಿನಲ್ಲಿ ಊದಾ ನೀರು ಹರಿದುಹೋಯಿತು.
ಕೆಂಪು ಹಾಕಿ ಕಣ್ಣಿಟ್ಟರೆ
ಗುಲಾಬಿ ಕಡ್ಡಿಗಳು, ಗಿಡ್ಡ, ದಪ್ಪ,
ಎಣಿಸಲಾಗದಷ್ಟು. ಚಂದ ಕಂಡವು.
ಚಂದ ಕಂಡದ್ದಕ್ಕೆ ನನಗೇ ಕೆಟ್ಟೆನಿಸಿತು.

ಮೇಲಿನ ವಾರ್ಡಿಗೆ ಫೋನು ಮಾಡಿದೆ:
ಬೆಳದೈತಿ. ಹೆಸರು ನಾಳೆ.

ಹೆಸರು.
ಹದಿಮೂರನೇ ದಿನ ಡಂಬಳದಲ್ಲಿ ತೊಟ್ಟಿಲು ಇತ್ತಂತೆ,
ಗುಗ್ಗರಿಗೆ ಕಡಲೆ ನೆನೆಹಾಕಿದ್ದರಂತೆ.
ಆ ದಿನ ಹೆಸರಿಟ್ಟವಳು ನಾನು, ಕೂಸಿಗಲ್ಲ,
ತಟ್ಟೆಯ ಮೇಲೆ ಲೋಳೆಯಾಗಿ ಎದ್ದ ಗುಳ್ಳೆಗಳಿಗೆ.
ಕ್ಲೆಬ್ಸಿಯೆಲ್ಲಾ. ಅಡ್ಡಹೆಸರೂ ಉಂಟು, ಅದನ್ನೂ ಬರೆದೆ.
ತೊಟ್ಟಿಲಿಗೆ ಬಾಗಿ ಮೂರು ಸಲ ಉಸುರುವ ಸೋದರತ್ತೆಯಂತೆ
ಫೋನಿನಲ್ಲಿ ಮೂರು ಸಲ ಹೇಳಬೇಕಾಯಿತು,
ಲೈನು ಸರಿಯಿರಲಿಲ್ಲ.

ಇನ್ನೊಂದು ತಟ್ಟೆಯಲ್ಲಿ ಔಷಧದ ಬಿಲ್ಲೆಗಳನ್ನು ಸುತ್ತ ಜೋಡಿಸಿ ಕಾದೆ.
ಬೆಳಿಗ್ಗೆ ನೋಡಿದರೆ ಬಿಲ್ಲೆಯ ಅಂಚಿನವರೆಗೂ ಬಂದು ಕೂತಿವೆ,
ಒಂದರಲ್ಲಿ, ಎರಡರಲ್ಲಿ, ಐದರಲ್ಲಿ.
ಕೆಮ್ಮಿಗೂ ನೆಗಡಿಗೂ ಕೈಗೆ ಸಿಕ್ಕಂತೆ ನುಂಗಿಸಿದ ಔಷಧಗಳು,
ಹಳೆಯ ಪರಿಚಯ.
ಆರನೆಯದರ ಸುತ್ತ ಮಾತ್ರ ಬಯಲು, ನಾಣ್ಯದಗಲ.
ಸ್ಕೇಲಿಟ್ಟು ಅಳೆದೆ. ಕನ್ನಡಕ ಒರೆಸಿ ಮತ್ತೆ ಅಳೆದೆ.
ಇಪ್ಪತ್ತೊಂದು ಮಿಲಿಮೀಟರ್.

ಆಮೇಲೆ ಒಂಬತ್ತು ದಿನ ಏನೂ ಗೊತ್ತಿಲ್ಲ.
ನಮ್ಮ ಕೋಣೆಗೆ ಕೂಸುಗಳು ಬರುವುದಿಲ್ಲ, ಬಾಟಲಿಗಳು ಬರುತ್ತವೆ.
ಹತ್ತಿ ನೋಡಬಹುದಿತ್ತು, ಇಪ್ಪತ್ತೆರಡೇ ಮೆಟ್ಟಿಲು.
ಹೋದ ವರ್ಷ ಒಮ್ಮೆ ಹತ್ತಿದ್ದೆ.

ಹತ್ತನೇ ದಿನ ಮತ್ತೊಂದು ಚೀಟಿ:
ಬೇಬಿ ಆಫ್ ಹುಲಿಗೆವ್ವ, ಇಪ್ಪತ್ನಾಲ್ಕು ದಿನ.
‘ಇನ್ನೂ ಹೆಸರ ಇಟ್ಟಿಲ್ಲೇನ?’
ಬಾಟಲಿ ತಂದ ಮಾಬೂಸಾಬ ಬಾಗಿಲಲ್ಲೇ ನಿಂತ.
‘ಇಟ್ಟಾರ್ರೀ. ಮುದುಕಿ ಹೇಳವಲ್ಲಳು.
ಇಲ್ಲಿ ಹೆಸರ ತಗದ್ರ ಯಾರರ ಕೇಳಿಸ್ಕೊಂತಾರಂತ.’

ಐದು ದಿನ ಕಾದೆ. ತಿಳಿ ಕಲಕಲಿಲ್ಲ.
ರಿಜಿಸ್ಟರಿನಲ್ಲಿ ಬರೆದೆ: ಏನೂ ಬೆಳೆದಿಲ್ಲ.

ಕೈ ತೊಳೆದೆ. ಉಗುರಿನ ಸಂದಿಯಲ್ಲಿ ಊದಾ ಉಳಿದಿತ್ತು,
ಎಷ್ಟು ತಿಕ್ಕಿದರೂ ಬಿಡಲಿಲ್ಲ.
ಅಪ್ಪ ಇದ್ದಿದ್ದರೆ
ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ.